ಎರಡನೇ ಪಾಸ್‌ಪೋರ್ಟು ಎಲ್ಲಿಯವರೆಗೆ ಕಾಯುತ್ತದೆ?

ಪುಣೆಯಲ್ಲಿ ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಕಲಿಸುತ್ತಿದ್ದವನು ನಾನು. ಈ ಊರಿಗೆ ಓದಲು ಬರುವ ವಿದೇಶಿಯರಲ್ಲಿ ಇರಾನಿನವರದು ದೊಡ್ಡ ಗುಂಪೇ ಇತ್ತು. ಅವರಲ್ಲಿ ಕೆಲವರು ಓದು ಮುಗಿಸಿ ಯುರೋಪಿಗೆ ಹೋದರು, ಅಲ್ಲಿನ ಪೌರತ್ವ ಪಡೆದರು. ಅಂಥ ಒಬ್ಬ ಹಳೆಯ ವಿದ್ಯಾರ್ಥಿನಿ ಒಮ್ಮೆ ಪುಣೆಗೆ ಬಂದಾಗ ಫರ್ಗ್ಯುಸನ್ ಕಾಲೇಜು ರಸ್ತೆಯ ಗುಡ್‌ಲಕ್ ಕೆಫೆಯಲ್ಲಿ ಸಿಕ್ಕಳು. ತವರಿನ ಹಳ್ಳಿಗಳಲ್ಲಿ ನೆಲದಡಿಯ ಕಾಲುವೆಗಳ ನೀರು ಹೇಗೆ ಹಂಚಿಕೆಯಾಗುತ್ತದೆ ಎಂದು ಅಧ್ಯಯನ ಮಾಡಲು ಹೊರಟಿದ್ದಳು. ಹುಷಾರಾಗಿರು ಅಂದೆ. “ಭಯ ಯಾಕೆ ಸರ್, ಈಗ ನನ್ನ ಹತ್ರ ಎರಡು ಪಾಸ್‌ಪೋರ್ಟ್ ಇದೆಯಲ್ಲ” ಅಂದಳು.

ನನಗೆ ಭಯವಿದ್ದದ್ದೇ ಆ ಎರಡನೆಯದರ ಬಗ್ಗೆ. ಫರೀಬಾ ಆದೆಲ್ಖಾ ಅವರ ಪ್ರಕರಣ ಅವಳಿಗೂ ಗೊತ್ತಿತ್ತು, ಆದರೆ ಅದರ ಒಳಗುಟ್ಟನ್ನು ಗಮನಿಸಿರಲಿಲ್ಲ. ಪ್ಯಾರಿಸ್ಸಿನ ಸಿಯಾನ್ಸ್ ಪೋ ಸಂಸ್ಥೆಯ ಈ ಮಾನವಶಾಸ್ತ್ರಜ್ಞೆ ಇರಾನ್, ಫ್ರಾನ್ಸ್ ಎರಡೂ ದೇಶಗಳ ಪ್ರಜೆ. 2019ರ ಜೂನ್‌ನಲ್ಲಿ ಇರಾನಿನಲ್ಲಿ ಅವರ ಬಂಧನವಾಯಿತು. ಅವರನ್ನು ನೋಡಲು ಬಂದಿದ್ದ ಸಹೋದ್ಯೋಗಿ ರೋಲಾಂ ಮಾರ್ಷಲ್ ಕೂಡ ಸೆರೆಯಾದರು. ಮಾರ್ಷಲ್ ಬರೀ ಫ್ರೆಂಚ್ ಪ್ರಜೆ. ಕೈದಿಗಳ ವಿನಿಮಯದಲ್ಲಿ 2020ರ ಮಾರ್ಚ್‌ನಲ್ಲೇ ಅವರು ಮನೆ ಸೇರಿದರು. ಆದೆಲ್ಖಾ ಅವರಿಗೆ ಮಾತ್ರ ಐದು ವರ್ಷದ ಶಿಕ್ಷೆ. ಗೂಢಚರ್ಯೆಯ ಆರೋಪವನ್ನು ನಡುವೆಯೇ ಕೈಬಿಟ್ಟಿದ್ದರೂ ರಾಷ್ಟ್ರೀಯ ಭದ್ರತೆಗೆ ವಿರುದ್ಧ ಒಳಸಂಚು ಎಂಬ ಇನ್ನೊಂದು ಆರೋಪ ಸಿದ್ಧವಾಗಿತ್ತು. ಅವರು ಜೈಲಿನಿಂದ ಕೊನೆಗೂ ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ. ಎರಡೆರಡು ಪೌರತ್ವ ಇದ್ದವರೇ ಹೆಚ್ಚು ಕಾಲ ಒಳಗಿದ್ದರು!

ಕಾರಣ ಸರಳ. ಇರಾನ್ ಇಮ್ಮಡಿ ಪೌರತ್ವವನ್ನು ಒಪ್ಪುವುದಿಲ್ಲ. ಇರಾನಿ ಎಂದಮೇಲೆ ಇರಾನಿ, ಫ್ರಾನ್ಸಿನ ರಾಯಭಾರಿಗೆ ಇಲ್ಲೇನು ಕೆಲಸ ಎಂಬುದು ಅದರ ವಾದ. ಇದು ಇರಾನಿನ ಹಟವಷ್ಟೇ ಅಲ್ಲ. ಒಬ್ಬ ವ್ಯಕ್ತಿ ಎರಡು ದೇಶಗಳ ಪ್ರಜೆಯಾಗಿದ್ದರೆ, ಅವುಗಳಲ್ಲಿ ಒಂದರ ವಿರುದ್ಧ ಇನ್ನೊಂದು ರಾಜತಾಂತ್ರಿಕ ರಕ್ಷಣೆ ಕೊಡುವಂತಿಲ್ಲ ಎಂದು 1930ರ ಹೇಗ್ ಒಪ್ಪಂದವೇ ಹೇಳಿತ್ತು. ವಿದೇಶದಲ್ಲಿ ಸೆರೆಯಾದವರಿಗೆ ತಮ್ಮ ದೇಶದ ಕಾನ್ಸುಲರ್ ಅಧಿಕಾರಿಯನ್ನು ಕಾಣುವ ಹಕ್ಕು ಕೊಟ್ಟದ್ದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ಇದೇ ಪುಣೆಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ತರಬೇತಿ ಪಡೆದು, ಮುಂದೆ ಪಾಕಿಸ್ತಾನದ ಸೆರೆ ಸೇರಿದ ಕುಲಭೂಷಣ್ ಜಾಧವ್ ಅವರ ಪ್ರಕರಣದಲ್ಲಿ ಭಾರತ ಹಿಡಿದದ್ದು ಆ ವಿಧಿಯನ್ನೇ. ಗೂಢಚಾರ ಎಂಬ ಆರೋಪವಿದ್ದರೂ ಆ ಹಕ್ಕು ಹೋಗದು ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ಹೇಳಿತು. ಆದರೆ ಹಿಡಿದ ದೇಶವೇ ನಿಮ್ಮನ್ನು ತನ್ನ ಪ್ರಜೆ ಅಂದುಬಿಟ್ಟರೆ ಆ ವಿಧಿ ಕೈಗೆ ಬರುವುದು ಕಷ್ಟ.

ಆ ದಿನ ಕೆಫೆಯಲ್ಲಿ ಅವಳ ನೋಟ್‌ಬುಕ್ ಕೇಳಿ ತೆಗೆದುಕೊಂಡು ನೋಡಿದೆ. ನಾನೇ ಕಲಿಸಿದ ಪದ್ಧತಿ, ಅಚ್ಚುಕಟ್ಟಾಗಿತ್ತು. ಮಾಹಿತಿ ಕೊಡುವವರ ಹೆಸರಿಲ್ಲ, ಬದಲಿಗೆ ಅಕ್ಷರ ಮತ್ತು ಅಂಕಿಯ ಸಂಕೇತ. ಪಕ್ಕದಲ್ಲಿ ಬಾವಿಗಳ ಜಿಪಿಎಸ್ ಅಂಕಿ, ಕೈಯಲ್ಲಿ ಬರೆದ ನಕ್ಷೆ, ಯಾರು ಯಾವ ಅಧಿಕಾರಿಗೆ ಹತ್ತಿರ ಎಂಬ ಟಿಪ್ಪಣಿ. ಮಾಹಿತಿ ಕೊಟ್ಟವರ ಗುರುತು ಬಚ್ಚಿಡಬೇಕು ಎಂದು ವಿಶ್ವವಿದ್ಯಾಲಯದ ನೈತಿಕ ಸಮಿತಿ ಕಡ್ಡಾಯ ಮಾಡುತ್ತದೆ. ಅದೇ ಪುಟವನ್ನು ತನಿಖಾಧಿಕಾರಿಯ ಮೇಜಿನ ಮೇಲಿಟ್ಟು ನೋಡಿ. ನಮ್ಮ ವೃತ್ತಿಯಲ್ಲಿ ಶಿಸ್ತು ಅನ್ನಿಸಿಕೊಳ್ಳುವುದೆಲ್ಲ ಅಲ್ಲಿ ಸಾಕ್ಷ್ಯ. ಬ್ರಿಟನ್ನಿನ ಡರಮ್ ವಿಶ್ವವಿದ್ಯಾಲಯದ ಸಂಶೋಧಕ ಮ್ಯಾಥ್ಯೂ ಹೆಡ್ಜಸ್ ಯುಎಇಯ ಭದ್ರತಾ ನೀತಿಯ ಬಗ್ಗೆ ಸಂದರ್ಶನ ಮುಗಿಸಿ 2018ರ ಮೇನಲ್ಲಿ ದುಬೈ ವಿಮಾನ ನಿಲ್ದಾಣಕ್ಕೆ ಬಂದಾಗ ಸೆರೆಯಾದರು. ನವೆಂಬರಿನಲ್ಲಿ ಜೀವಾವಧಿ ಶಿಕ್ಷೆ, ಕೆಲವೇ ದಿನಗಳಲ್ಲಿ ಕ್ಷಮಾದಾನ. ಇಂಥ ಪ್ರಕರಣಗಳಲ್ಲಿ ತೀರ್ಪಿಗಿಂತ ಚೌಕಾಸಿಯೇ ಮುಖ್ಯ ಎಂಬ ನನ್ನ ಅನುಮಾನ ಆಮೇಲೆ ಗಟ್ಟಿಯಾಯಿತು.

ಅವಳು ಕ್ಷೇತ್ರಕ್ಕೆ ಹೋಗಲಿಲ್ಲ. ಊರು ಬಿಟ್ಟು ಯುರೋಪಿನಲ್ಲಿ ನೆಲೆಸಿದ ರೈತ ಕುಟುಂಬಗಳ ನೆನಪುಗಳ ಮೇಲೆ ಬರೆದಳು. ಪ್ರಬಂಧ ಸೊರಗಿತು, ಅದನ್ನು ಮುಚ್ಚಿಡುವುದೇಕೆ? ಕಾಲುವೆ ನೋಡದೆ ಬರೆದ ಕಾಲುವೆಯ ಪ್ರಬಂಧ ಅದು. ಆದರೂ ಹೋಗಬೇಡ ಎಂಬ ನನ್ನ ಸಲಹೆ ಇಂದಿಗೂ ಅದೇ. ಇನ್ನು ಸೆರೆಯಾದವರ ಮನೆಯವರಿಗೊಂದು ಮಾತು: ಬಾಯಿ ಮುಚ್ಚಿಕೊಂಡಿದ್ದರೆ ಬೇಗ ಬಿಡುತ್ತಾರೆ ಎಂದು ಅಧಿಕಾರಿಗಳು ಹೇಳುವುದುಂಟು. ಇರಾನಿಗೆ ವಿಚಾರಸಂಕಿರಣಕ್ಕೆ ಹೋಗಿ 2018ರಲ್ಲಿ ಬಂಧಿತರಾದ ಆಸ್ಟ್ರೇಲಿಯಾ-ಬ್ರಿಟನ್ ಪ್ರಜೆ ಕೈಲಿ ಮೂರ್-ಗಿಲ್ಬರ್ಟ್ ಎರಡು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು ಬಂದ ಮೇಲೆ, ಆ ಮೌನದಿಂದ ತನಗೆ ಪ್ರಯೋಜನವಾಗಲಿಲ್ಲ ಎಂದೇ ಹೇಳಿದರು.

ಇರಾನನ್ನಷ್ಟೇ ದೂರಿ ಸುಮ್ಮನಾಗುವ ಹಾಗಿಲ್ಲ. 1994ರಲ್ಲಿ ಸೂರತ್ ಪ್ಲೇಗಿನ ಗದ್ದಲದಲ್ಲಿ ವಿಮಾನ ತಪ್ಪಿ, ವೀಸಾ ಅವಧಿ ಮೀರಿ ತಿರುವನಂತಪುರದಲ್ಲಿ ಉಳಿದ ಮಾಲ್ಡೀವ್ಸಿನ ಮರಿಯಂ ರಶೀದಾ ನಮ್ಮ ಪೊಲೀಸರ ಕಣ್ಣಿಗೆ ಗೂಢಚಾರಿಣಿಯಾದರು. ಆಮೇಲೆ ಸುಳ್ಳೆಂದು ಗೊತ್ತಾದ ಇಸ್ರೋ ಗೂಢಚರ್ಯೆ ಪ್ರಕರಣ ಹುಟ್ಟಿದ್ದು ಅಲ್ಲಿಂದ. ಅದರಲ್ಲಿ ಬಂಧಿತರಾದ ಬೆಂಗಳೂರಿನ ಕೆ. ಚಂದ್ರಶೇಖರ್, ಅದೇ ಪ್ರಕರಣದಲ್ಲಿ ಸಿಲುಕಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ 2018ರ ಸುಪ್ರೀಂ ಕೋರ್ಟ್ ತೀರ್ಪಿನ ಎರಡು ದಿನಗಳ ನಂತರ ತೀರಿಕೊಂಡರು.

ಅಮೆರಿಕ, ಬ್ರಿಟನ್ನುಗಳಲ್ಲಿರುವ ಕನ್ನಡ ಮನೆಗಳ ಮಕ್ಕಳು ಈಗ ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಹಿಡಿದು ಸಂಶೋಧನೆಗೆಂದು ಇಲ್ಲಿಗೆ ಬರುತ್ತಾರೆ, ದಾರಿ ಕೇಳಲು ನನ್ನ ಬಳಿಯೂ ಬರುತ್ತಾರೆ. ಒಸಿಐ ಎರಡನೇ ಪೌರತ್ವವಲ್ಲ. ಭಾರತ ಇಮ್ಮಡಿ ಪೌರತ್ವ ಕೊಡುವುದೇ ಇಲ್ಲ. ಕರ್ನಾಟಕ ಸರ್ಕಾರವೇ ಆಹ್ವಾನಿಸಿದ್ದ, ಒಸಿಐ ಕಾರ್ಡಿದ್ದ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು 2024ರ ಫೆಬ್ರವರಿಯಲ್ಲಿ ಬೆಂಗಳೂರು ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳಿಸಲಾಯಿತು. 2021ರ ಮಾರ್ಚ್‌ನ ಅಧಿಸೂಚನೆಯ ಪ್ರಕಾರ ಒಸಿಐ ಕಾರ್ಡಿನವರು ಇಲ್ಲಿ ಸಂಶೋಧನೆ ಮಾಡಲು ವಿಶೇಷ ಅನುಮತಿ ಪಡೆಯಬೇಕು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಹಾಗೆ ಬರುವುದಿದ್ದರೆ ಟಿಕೆಟ್ ತೆಗೆಯುವ ಮೊದಲೇ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ (ಎಫ್‌ಆರ್‌ಆರ್‌ಒ) ಅರ್ಜಿ ಹಾಕಿಸಿ, ಅನುಮತಿ ಪತ್ರ ಕೈಗೆ ಬಂದ ಮೇಲೆ ಹೊರಡಲಿ.