ಶೋಧಯಂತ್ರಕ್ಕೆ ಕಾಣುವ ಕನ್ನಡ

ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂದು ನೆರೆಹೊರೆಯವರನ್ನು ವಿಚಾರಿಸುವ ಪದ್ಧತಿ ಇಂದಿಗೂ ಉಂಟು. ಅದರ ಜೊತೆಗೆ ಮೊಬೈಲಿನಲ್ಲಿ ನಾಲ್ಕು ಪದಗಳನ್ನು ಬರೆದು ಹುಡುಕುವುದೂ ರೂಢಿಗೆ ಬಂದಿದೆ. ಹಾಗೆ ಹುಡುಕಿದವರಿಗೆ ತಮ್ಮ ಊರಿನ ಕನ್ನಡ ಶಾಲೆಯೇ ಕಾಣದೆ ಹೋದರೆ ತರಗತಿಯಲ್ಲಿ ಒಂದು ಸ್ಥಾನ ಬರಿದಾಗುತ್ತದೆ. ಮಕ್ಕಳ ಸಂಖ್ಯೆಯ ಮೇಲೆಯೇ ತರಗತಿಯ ಅಳಿವು ಉಳಿವು ನಿಂತಿರುವ ಕಾಸರಗೋಡಿನಂತಹ ಗಡಿನಾಡಿನಲ್ಲಿ ಇದು ಅಲ್ಪವಾದ ನಷ್ಟವಲ್ಲ. ಆದುದರಿಂದ ಶಾಲೆಯ ಜಾಲತಾಣವು ಶೋಧಯಂತ್ರದ ಕಣ್ಣಿಗೆ ಬೀಳುವ ಬಗೆಯನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿದಿರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಗೂಗಲ್ ಮೊದಲಾದ ಶೋಧಯಂತ್ರಗಳು ಪ್ರಶ್ನೆ ಕೇಳಿದ ಕ್ಷಣದಲ್ಲಿಯೇ ಲೋಕವನ್ನೆಲ್ಲ ಸುತ್ತಿ ಬರುವುದಿಲ್ಲ. ಅವು ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪುಟಗಳನ್ನು ಮೊದಲೇ ಓದಿ, ಗ್ರಂಥದ ಕೊನೆಯಲ್ಲಿರುವ ಪದಸೂಚಿಯಂತೆ, ಯಾವ ಪದವು ಯಾವ ಪುಟದಲ್ಲಿದೆಯೆಂದು ಗುರುತು ಹಾಕಿಕೊಂಡಿರುತ್ತವೆ. ಈ ಸೂಚಿಯಲ್ಲಿ ಸೇರದ ಪುಟವು ಉತ್ತರದಲ್ಲಿಯೂ ಬಾರದು.

ಕನ್ನಡದ ಪುಟಗಳು ಎಡವುವುದು ಇಲ್ಲಿಯೇ. ಅನೇಕ ಶಾಲೆಗಳು ಪ್ರವೇಶದ ಪ್ರಕಟಣೆಯನ್ನು ಸುಂದರವಾದ ಚಿತ್ರವನ್ನಾಗಿ ಮಾಡಿ ಹಾಕುತ್ತವೆ. ಚಿತ್ರದೊಳಗಿನ ಅಕ್ಷರಗಳನ್ನು ಯಂತ್ರವು ಕೆಲವೊಮ್ಮೆ ಓದಬಲ್ಲುದಾದರೂ ಅದನ್ನು ನೆಚ್ಚಿ ಕುಳಿತುಕೊಳ್ಳುವಂತಿಲ್ಲ. ಎರಡನೆಯ ತೊಡಕು ಇನ್ನೂ ಗೂಢವಾದುದು. ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಲಿಪಿಯ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ನಮ್ಮ ಕಣ್ಣಿಗೆ 'ಕನ್ನಡ' ಎಂದು ತೋರುವ ಪದವು ಯಂತ್ರದ ಒಳಗೆ ಇಂಗ್ಲಿಷಿನ 'ಪಿ' ಅಕ್ಷರದಿಂದ ಮೊದಲಾಗುವ ಅರ್ಥವಿಲ್ಲದ ಸಾಲು! ಅದನ್ನು ಯಾರು ತಾನೆ ಹುಡುಕಿಯಾರು? ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ 1991ರಿಂದಲೇ ಸ್ವಂತ ಸ್ಥಾನವಿದೆ. ವಿದ್ಯಾರ್ಥಿಗಳು ಸ್ವತಃ ಪರೀಕ್ಷಿಸಬಹುದು: ಪುಟದ ಒಂದು ಸಾಲನ್ನು ನಕಲು ಮಾಡಿ ಶೋಧದ ಚೌಕದಲ್ಲಿ ಅಂಟಿಸಿರಿ. ಅಲ್ಲಿಯೂ ಕನ್ನಡವೇ ಕಂಡರೆ ಸರಿ. ವಿಚಿತ್ರ ಚಿಹ್ನೆಗಳು ಬಂದರೆ ಆ ಪುಟವನ್ನು ಪರಿವರ್ತಿಸಬೇಕು. ಸಾಲನ್ನು ಹಿಡಿಯಲಿಕ್ಕೇ ಬಾರದಿದ್ದರೆ ಅದು ಬಹುಶಃ ಚಿತ್ರ. ವಾರ್ಷಿಕ ಸಂಚಿಕೆಗಳಲ್ಲಿ ಮಕ್ಕಳು ಬರೆದ ಎಷ್ಟೋ ಒಳ್ಳೆಯ ಪ್ರಬಂಧಗಳು ಹೀಗೆ ಬೆಳಕಿನಲ್ಲಿದ್ದೂ ಮರೆಯಾಗಿವೆ.

ಇನ್ನು ಪದಗಳ ವಿಚಾರ. ಪುಟದ ಶಿರೋನಾಮೆಯಲ್ಲಿ 'ಸುಸ್ವಾಗತ' ಎಂದಷ್ಟೇ ಇದ್ದರೆ ಯಂತ್ರಕ್ಕೆ ಏನು ತಿಳಿದೀತು? ಶಾಲೆಯ ಹೆಸರು, ಊರು, ಜಿಲ್ಲೆ, 'ಕನ್ನಡ ಮಾಧ್ಯಮ' ಎಂಬ ಮಾತು ಅಲ್ಲಿರಬೇಕು. ನಮ್ಮ ಕಡೆಯ ಊರುಗಳಿಗೆ ಎರಡೆರಡು ರೂಪಗಳು. ಮಂಜೇಶ್ವರವು ಮಲಯಾಳದಲ್ಲಿ ಮಂಜೇಶ್ವರಂ ಆಗುತ್ತದೆ, ಕಾಸರಗೋಡನ್ನು ಇಂಗ್ಲಿಷಿನಲ್ಲಿ ನಡುವಿನ ಒಂದು 'ಎ' ಬಿಟ್ಟು ಬರೆಯುವವರೂ ಇದ್ದಾರೆ. ಈ ರೂಪಗಳು ವಿಳಾಸದಲ್ಲಿಯೋ ವಿವರಣೆಯಲ್ಲಿಯೋ ಸಹಜವಾಗಿ ಒಮ್ಮೆ ಬಂದರೆ ಒಳಿತು. ಹಾಗೆಂದು ಒಂದೇ ಪದವನ್ನು ಐವತ್ತು ಸಲ ತುರುಕಿದರೆ ಅದು ಮೋಸವೆಂದೇ ಎಣಿಕೆಯಾಗಿ ಪುಟವು ಕೆಳಗಿಳಿಯುತ್ತದೆ. ಕಣ್ಣಿಗೆ ಕಾಣದಂತೆ ಪುಟದ ಹಿಂದೆ ಬರೆದಿಡುವ ಪದಪಟ್ಟಿಯನ್ನು ತಾನು ಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ತಿಳಿಸಿತು.

ಒಂದೇ ಪದವುಳ್ಳ ಸಾವಿರ ಪುಟಗಳಲ್ಲಿ ಯಾವುದು ಮುಂದೆ? ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದಾಗ, 1998ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಒಂದು ಪುಟಕ್ಕೆ ಇತರರು ಕೊಟ್ಟ ಕೊಂಡಿಯೇ ಸಾಕ್ಷಿ. ಸಾಕ್ಷಿ ಹೇಳಿದವನ ಯೋಗ್ಯತೆಗೆ ತಕ್ಕಂತೆ ಅದರ ತೂಕ. ಇಂದು ಇನ್ನೂ ಅನೇಕ ಅಂಶಗಳು ಸೇರಿವೆಯಾದರೂ ಆ ತತ್ತ್ವವು ಬಿದ್ದುಹೋಗಿಲ್ಲ. ಊರಿನ ವಾಚನಾಲಯ, ಪಂಚಾಯತಿ, ಹಳೆಯ ವಿದ್ಯಾರ್ಥಿಗಳ ಸಂಘ ಇವುಗಳ ತಾಣಗಳಿಂದ ಶಾಲೆಗೆ ಕೊಂಡಿಯಿದ್ದರೆ ಪ್ರಯೋಜನವುಂಟು. ಹಣ ಕೊಟ್ಟರೆ ಮೊದಲನೆಯ ಸ್ಥಾನವನ್ನು ಕೊಡಿಸುತ್ತೇವೆಂದು ಬರುವವರ ಮಾತಿಗೆ ಮಾತ್ರ ಆಡಳಿತ ಮಂಡಳಿಯವರು ಕಿವಿಗೊಡಬಾರದು. ಅಂತಹ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಎಚ್ಚರಿಸಿದೆ. ಹಣ ಪಡೆದು ತೋರಿಸುವ ಜಾಹೀರಾತುಗಳು ಬೇರೆ. ಅವುಗಳ ಮೇಲೆ ಹಾಗೆಂಬ ಗುರುತಿರುತ್ತದೆ.

ಹೊಸ ಪುಟವು ಸೂಚಿಗೆ ಸೇರಲು ಕೆಲವು ದಿನಗಳೋ ವಾರಗಳೋ ಹಿಡಿಯಬಹುದು. 'ಸರ್ಚ್ ಕನ್ಸೋಲ್' ಎಂಬ ಉಚಿತ ಸಾಧನದಲ್ಲಿ ಶಾಲೆಯ ತಾಣವನ್ನು ನೋಂದಾಯಿಸಿದರೆ ಪುಟವು ಸೇರಿದೆಯೇ ಇಲ್ಲವೇ ಎಂಬುದೂ, ಜನರು ಯಾವ ಯಾವ ಪದಗಳನ್ನು ಹುಡುಕಿದಾಗ ಅದು ಕಾಣಿಸಿತೆಂಬುದೂ ತಿಳಿಯುತ್ತದೆ. ಮೇಲಿನ ತರಗತಿಯ ಇಬ್ಬರು ವಿದ್ಯಾರ್ಥಿಗಳು ಅಧ್ಯಾಪಕರೊಬ್ಬರೊಡನೆ ಕುಳಿತು ತಿಂಗಳಿಗೊಮ್ಮೆ ಈ ಪಟ್ಟಿಯನ್ನು ನೋಡಿದರೆ ಸಾಕು.