ದ್ವಿಚಕ್ರ ವಾಹನದ ಹೆಡ್‌ಲೈಟ್: ಬಲ್ಬ್ ಬದಲಿಸುವ ಮುನ್ನ ವೋಲ್ಟೇಜ್ ಅಳೆಯಿರಿ

ರಾತ್ರಿ ದಾರಿ ಸರಿಯಾಗಿ ಕಾಣುವುದಿಲ್ಲ, ಹೆಚ್ಚು ವ್ಯಾಟ್‌ನ ಬಲ್ಬ್ ಕೊಡಿ ಎಂಬುದು ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ಆಗಾಗ ಕೇಳಿಬರುವ ಬೇಡಿಕೆ. ಕೇಳಿದ್ದನ್ನು ಕೊಟ್ಟು ಕಳುಹಿಸುವುದು ಸುಲಭ. ಆದರೆ ಹೋಲ್ಡರ್ ಕರಗಿತೆಂದೋ ಬ್ಯಾಟರಿ ಇಳಿಯಿತೆಂದೋ ಗಿರಾಕಿ ಮರಳಿದರೆ ಬಲ್ಬ್‌ನ ಲಾಭಕ್ಕಿಂತ ವಿಶ್ವಾಸದ ನಷ್ಟವೇ ದೊಡ್ಡದು. ಹ್ಯಾಲೊಜನ್ ದೀಪವುಳ್ಳ ವಾಹನಗಳಲ್ಲಿ ಮಂದ ಬೆಳಕಿಗೆ ಅನೇಕ ವೇಳೆ ಕಾರಣ ಬಲ್ಬ್ ಅಲ್ಲ, ಅದಕ್ಕೆ ವಿದ್ಯುತ್ ಒಯ್ಯುವ ತಂತಿ.

ನಷ್ಟವಾಗುವುದೆಲ್ಲಿ?

ಬಹುಬಳಕೆಯ ಎಚ್‌ಎಸ್1 ಮಾದರಿಯ 35/35 ವ್ಯಾಟ್ ಬಲ್ಬ್, 13.2 ವೋಲ್ಟ್ ದೊರೆತಾಗ ಹೈಬೀಮ್‌ನಲ್ಲಿ ಸುಮಾರು 825 ಲ್ಯೂಮೆನ್ ಬೆಳಕು ನೀಡಬೇಕು. ಸಣ್ಣ ತಂತಿ, ಸವೆದ ಸ್ವಿಚ್ ಮತ್ತು ತುಕ್ಕು ಹಿಡಿದ ಅರ್ಥಿಂಗ್ ಸೇರಿ 0.4 ಓಮ್ ರೋಧ ಒಡ್ಡಿದರೆ, ಸುಮಾರು 3 ಆಂಪಿಯರ್ ಪ್ರವಾಹದಲ್ಲಿ 1.2 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಹ್ಯಾಲೊಜನ್ ಬೆಳಕು ವೋಲ್ಟೇಜ್‌ಗಿಂತ ಬಹು ವೇಗವಾಗಿ ಕುಸಿಯುವುದರಿಂದ ಉಳಿಯುವುದು ಸುಮಾರು 600 ಲ್ಯೂಮೆನ್ ಮಾತ್ರ. ಅದೇ ತಂತಿಗೆ 60/55 ವ್ಯಾಟ್‌ನ ಎಚ್4 ಬಲ್ಬ್ ಜೋಡಿಸಿದರೆ ಪ್ರವಾಹ ಹೆಚ್ಚಿ, ಸೋರಿಕೆಯೂ ಶಾಖವೂ ಇನ್ನಷ್ಟು ಹೆಚ್ಚುತ್ತವೆ. ಇವೆರಡರ ಬುಡದ ರಚನೆಯೂ ಬೇರೆ. ಬುಡವನ್ನು ಅರೆದು ಕೂರಿಸಿದರೆ ಬೆಳಕಿನ ಕೇಂದ್ರ ತಪ್ಪುತ್ತದೆ.

ಪರೀಕ್ಷೆ ಮತ್ತು ಪರಿಹಾರ

ಎಂಜಿನ್ ಚಾಲನೆಯಲ್ಲಿರಿಸಿ, ದೀಪ ಉರಿಯುತ್ತಿರುವಾಗ ಮಲ್ಟಿಮೀಟರ್‌ನಿಂದ ಬ್ಯಾಟರಿಯ ತುದಿಗಳಲ್ಲೂ ಬಲ್ಬ್ ಹೋಲ್ಡರ್‌ನಲ್ಲೂ ವೋಲ್ಟೇಜ್ ಅಳೆಯಬೇಕು. ವ್ಯತ್ಯಾಸವು ಅರ್ಧ ವೋಲ್ಟ್ ಮೀರಿದರೆ ಮೊದಲು ಸಂಪರ್ಕಗಳನ್ನು ಶುಚಿಗೊಳಿಸತಕ್ಕದ್ದು. ಆಗಲೂ ಸರಿಹೋಗದಿದ್ದರೆ ರಿಲೇ ಕಿಟ್ ಅಳವಡಿಸಬಹುದು. ಇದರಲ್ಲಿ ಹಳೆಯ ತಂತಿ ರಿಲೇಗೆ ಸೂಚನೆಯನ್ನಷ್ಟೇ ನೀಡುತ್ತದೆ. ದೀಪದ ವಿದ್ಯುತ್ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ತಂತಿಯಲ್ಲಿ ಬರುತ್ತದೆ. ಹೈ ಮತ್ತು ಲೋ ಬೀಮ್‌ಗಳಿಗೆ ತಲಾ ಒಂದು ರಿಲೇ ಬೇಕು. ಆಲ್ಟರ್ನೇಟರ್‌ನ ಎಸಿ ವಿದ್ಯುತ್ತಿನಿಂದಲೇ ದೀಪ ಉರಿಯುವ ಹಳೆಯ ವಾಹನಗಳಿಗೆ ಈ ಕಿಟ್ ಹೊಂದುವುದಿಲ್ಲ.

ಎಲ್‌ಇಡಿ ಬಲ್ಬ್‌ಗಳ ವಿಚಾರ

ಹ್ಯಾಲೊಜನ್ ಪ್ರತಿಫಲಕವನ್ನು ರೂಪಿಸಿರುವುದು ಫಿಲಮೆಂಟ್ ಇರುವ ನಿಖರ ಸ್ಥಾನಕ್ಕಾಗಿ. ಎಲ್‌ಇಡಿಯ ಬೆಳಕು ಅದೇ ಸ್ಥಾನದಿಂದ ಹೊಮ್ಮದಿದ್ದರೆ ಅದು ರಸ್ತೆಗೆ ಬೀಳದೆ ಎದುರಿನ ಸವಾರನ ಕಣ್ಣಿಗೆ ರಾಚುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮವು ಎದುರಿನವರ ಕಣ್ಣು ಕುಕ್ಕದಂತೆ ಬೆಳಕು ಕೆಳಮುಖವಾಗಿರಬೇಕೆನ್ನುತ್ತದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಮಾರಾಟಗಾರರು ಇವನ್ನು ಗಿರಾಕಿಗೆ ತಿಳಿಸುವುದು ಒಳಿತು.

ಸಣ್ಣ ಉದ್ಯಮಿಗಳಿಗೆ ಅವಕಾಶ

2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಮುಂದಿನ ದೀಪ ತಾನಾಗಿಯೇ ಉರಿಯಬೇಕೆಂಬುದು ಕಡ್ಡಾಯ. ಹಗಲಿಡೀ ಪ್ರವಾಹ ಹರಿಯುವುದರಿಂದ ದುರ್ಬಲ ಹೋಲ್ಡರ್ ಮತ್ತು ಸಂಪರ್ಕಗಳು ಬೇಗ ಸವೆಯುತ್ತವೆ. ತಾಮ್ರದ ಅಳತೆಯಲ್ಲಿ ಕಡಿತ ಮಾಡದ ತಂತಿ, ಬಿಗಿಯಾದ ಟರ್ಮಿನಲ್, ಪಿಂಗಾಣಿ ಹೋಲ್ಡರ್, ನೀರು ನುಗ್ಗದ ಕನೆಕ್ಟರ್ ಹಾಗೂ ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಇರುವ ಕಿಟ್‌ಗಳನ್ನು ಸಣ್ಣ ಘಟಕಗಳೂ ತಯಾರಿಸಬಲ್ಲವು. ಕನ್ನಡದಲ್ಲಿ ಜೋಡಣಾ ನಕ್ಷೆಯನ್ನೂ ಒದಗಿಸಿದರೆ ಊರಿನ ಮೆಕ್ಯಾನಿಕ್‌ಗಳಿಗೆ ಅನುಕೂಲ.

ವರ್ತಕರು ಅಂಗಡಿಯಲ್ಲಿ ಒಂದು ಮಲ್ಟಿಮೀಟರ್ ಇರಿಸಿಕೊಂಡು, ಬಲ್ಬ್ ಮಾರುವ ಮುನ್ನ ವಾಹನವನ್ನು ಪರೀಕ್ಷಿಸುವ ಪದ್ಧತಿ ಆರಂಭಿಸಬಹುದು. ಕೆಲವೇ ನಿಮಿಷಗಳ ಈ ಸೇವೆಯಿಂದ ಗಿರಾಕಿಗೆ ಬೇಕಾದ ಬೆಳಕು ದೊರೆಯುತ್ತದೆ. ಅಂಗಡಿಗೆ ದೂರು ಬರುವುದು ತಪ್ಪುತ್ತದೆ.