ಗದ್ದ ಎದೆಗೆ ತಾಗುತ್ತದಾ ನೋಡು

ಮೊನ್ನೆ ನಿನ್ನ ತಮ್ಮ ಫೋನ್ ಮಾಡಿ ನಗಾಡಿದ. "ದೊಡ್ಡಮ್ಮಾ, ಟೆಕ್ಸಾಸ್‌ನ ಯೂನಿವರ್ಸಿಟಿಯವರು ಮಾರ್ಕ್ಸ್ ಕಾರ್ಡ್ ಜೊತೆ ಮೆನಿಂಜೈಟಿಸ್ ಇಂಜೆಕ್ಷನ್ ಸರ್ಟಿಫಿಕೇಟೂ ಕೇಳ್ತಿದಾರೆ. ನಾನೇನು ಅಂಗನವಾಡಿಗೆ ಸೇರ್ತಿದೀನಾ?" ನನಗೆ ನಗು ಬರಲಿಲ್ಲ. ಮಕ್ಕಳ ವಾರ್ಡಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಸಿಸ್ಟರ್ ಅನ್ನಿಸಿಕೊಂಡವಳಿಗೆ ಮೆನಿಂಜೈಟಿಸ್ ಅನ್ನುವ ಹೆಸರು ಕಿವಿಗೆ ಬಿದ್ದರೆ ಹಾಗೇ ಆಗುವುದು.

ಮಿದುಳಿಗೆ ಹೊದಿಸಿದ ಪೊರೆಗೆ ಸೋಂಕು ತಗುಲಿ ಊದಿಕೊಳ್ಳುವ ಕಾಯಿಲೆ ಅದು. ನಮ್ಮ ಕಡೆಯವರು ಇದನ್ನೂ, ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್ಸನ್ನೂ ಸೇರಿಸಿ 'ಮಿದುಳು ಜ್ವರ' ಅಂದುಬಿಡುತ್ತಾರೆ. ನಿನ್ನ ತಮ್ಮನಿಗೆ ಕೇಳಿರುವುದು ಮೆನಿಂಗೊಕಾಕಸ್ ಅನ್ನುವ ಒಂದು ಬ್ಯಾಕ್ಟೀರಿಯಾದ ಲಸಿಕೆ. ಹತ್ತು ಜನರಲ್ಲಿ ಒಬ್ಬರ ಮೂಗು-ಗಂಟಲಿನಲ್ಲಿ ಅದು ತನ್ನ ಪಾಡಿಗೆ ತಾನಿರುತ್ತದೆ, ಏನೂ ಮಾಡುವುದಿಲ್ಲ. ಯಾರೋ ಒಬ್ಬರಲ್ಲಿ ಮಾತ್ರ ರಕ್ತಕ್ಕೆ ಇಳಿಯುತ್ತದೆ. ಹಾಸ್ಟೆಲಿನಲ್ಲಿ ಒಂದೇ ರೂಮು, ಒಂದೇ ಬಾಟಲಿ, ಒಬ್ಬರ ಕೆಮ್ಮು ಇನ್ನೊಬ್ಬರ ಮುಖಕ್ಕೆ. ಹದಿಹರೆಯದವರಿಗೆ ಹೆಚ್ಚು ಅಂಟುವುದು ಅದಕ್ಕೇ.

ಟೆಕ್ಸಾಸ್‌ನ ಕಾನೂನಿಗೆ ಇಬ್ಬರು ವಿದ್ಯಾರ್ಥಿಗಳ ಹೆಸರೇ ಇದೆ. ಜೇಮೀ ಶಾನ್‌ಬಾಮ್ 2008ರಲ್ಲಿ ಈ ಕಾಯಿಲೆಯಿಂದ ಎರಡು ಕಾಲು, ಕೈಬೆರಳು ಕಳೆದುಕೊಂಡವಳು. ನಿಕೊಲಿಸ್ ವಿಲಿಯಮ್ಸ್ 2011ರಲ್ಲಿ ತೀರಿಕೊಂಡ ಹುಡುಗ. ಅಲ್ಲಿ ಇಪ್ಪತ್ತೆರಡು ತುಂಬದ ಹೊಸ ವಿದ್ಯಾರ್ಥಿಗಳು ತರಗತಿ ಶುರುವಾಗುವ 10 ದಿನ ಮೊದಲೇ ಲಸಿಕೆ ಹಾಕಿಸಿಕೊಂಡಿರಬೇಕು. ನಿನ್ನ ತಮ್ಮನಿಗೆ ಇನ್ನೂ ಇಪ್ಪತ್ತೊಂದು. ಆ ಬ್ಯಾಕ್ಟೀರಿಯಾದ ಎ, ಸಿ, ಡಬ್ಲ್ಯೂ, ವೈ ಅನ್ನುವ ನಾಲ್ಕು ಬಗೆಗೂ ಸೇರಿ ಒಂದೇ ಚುಚ್ಚುಮದ್ದು. ಹಜ್‌ಗೆ ಹೋಗುವವರೂ ಇದನ್ನೇ ಹಾಕಿಸಿಕೊಳ್ಳುವುದು. ನಮ್ಮ ಸರ್ಕಾರದ ಮಕ್ಕಳ ಪಟ್ಟಿಯಲ್ಲಿ ಇದಿಲ್ಲ, ಹೊರಗೆ ದುಡ್ಡು ಕೊಟ್ಟು ಹಾಕಿಸಬೇಕು. ಬಿ ಬಗೆಗೆ ಬೇರೆಯೇ ಲಸಿಕೆ ಇದೆ, ಅದನ್ನು ಅಲ್ಲಿಗೆ ಹೋದ ಮೇಲೆ ಯೂನಿವರ್ಸಿಟಿ ಕ್ಲಿನಿಕ್ಕಿನಲ್ಲಿ ವಿಚಾರಿಸಲಿ. ಅವನ ಕಥೆ ಇಷ್ಟೇ.

ನನಗೆ ಮಾತಾಡಬೇಕಿರುವುದು ನಿನ್ನ ಹತ್ತಿರ. ಆರು ವಾರಕ್ಕೆ ಹಾಕಿಸಬೇಕಾದ ಲಸಿಕೆ, ಕೂಸಿಗೆ ಎಂಟು ವಾರವಾದರೂ ಹಾಕಿಸಿಲ್ಲವಂತೆ. "ಎಳೆಕೂಸಿಗೆ ಒಂದೇ ದಿನ ಮೂರು ಕಡೆ ಚುಚ್ಚಿಸಬೇಡ" ಅಂದರಂತೆ ನಿಮ್ಮತ್ತೆ. ಅವರ ಮೇಲೆ ಸಿಟ್ಟಾಗಬೇಡ, ಕಕ್ಕುಲಾತಿಯಿಂದಲೇ ಹೇಳಿದ್ದಾರೆ. ಆದರೆ ಆ ಮೂರು ಯಾವುವು ಅಂತ ಅವರಿಗೆ ಯಾರೂ ಹೇಳಿಲ್ಲ. ಎಡತೊಡೆಗೆ ಪೆಂಟಾ, ಅದರ ಐದು ಮದ್ದಿನಲ್ಲಿ ಒಂದು ಹಿಬ್ ಅನ್ನುವ ಬ್ಯಾಕ್ಟೀರಿಯಾಕ್ಕೆ. ಬಲತೊಡೆಗೆ ಪಿಸಿವಿ, ಅದು ನ್ಯೂಮೊಕಾಕಸ್‌ಗೆ. ಎಳೆಮಕ್ಕಳ ಮಿದುಳಿನ ಪೊರೆಗೆ ಹೆಚ್ಚಾಗಿ ನುಗ್ಗುತ್ತಿದ್ದವು ಈ ಎರಡೇ. ಮೂರನೆಯದು ತೋಳಿಗೆ, ಪೋಲಿಯೊದ್ದು. ಹುಟ್ಟಿದಾಗ ಎಡತೋಳಿಗೆ ಹಾಕಿದ್ದರಲ್ಲ ಬಿಸಿಜಿ, ಅದೂ ಕ್ಷಯ ಮಿದುಳಿಗೆ ಏರದಂತೆ ತಡೆಯಲಿಕ್ಕೇ. ನಾನು ಕೆಲಸಕ್ಕೆ ಸೇರಿದಾಗ ಪೆಂಟಾವೂ ಇರಲಿಲ್ಲ, ಪಿಸಿವಿಯೂ ಇರಲಿಲ್ಲ. ಪೆಂಟಾ ಸರ್ಕಾರಿ ಪಟ್ಟಿಗೆ ಬಂದದ್ದು 2011ರ ಕೊನೆಯಲ್ಲಿ, ಅದೂ ಮೊದಲು ಕೇರಳ, ತಮಿಳುನಾಡಿಗೆ. ಪಿಸಿವಿ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ಕ್ಕೆ ದೇಶಕ್ಕೆಲ್ಲ ಬಂತು. ಹೊರಗೆ ಸಾವಿರಾರು ರೂಪಾಯಿ ತೆರಬೇಕಾದ ಮದ್ದು ಅಂಗನವಾಡಿಯಲ್ಲಿ ಪುಕ್ಕಟೆ ಸಿಗುವಾಗ ಕೂಸನ್ನು ಮನೆಯಲ್ಲಿ ಮಲಗಿಸಿಕೊಂಡು ಕೂರುವುದೇನೇ?

ಒಂದು ಮಗುವಿನ ವಿಷಯ ಹೇಳುತ್ತೇನೆ. ನಿಮ್ಮಮ್ಮನಿಗೂ ಹೇಳಿರಲಿಲ್ಲ. ಎರಡು ವರ್ಷದ ಗಂಡುಮಗು. ಕಿವಿ ಸೋರುತ್ತಿತ್ತು, ಎರಡು ದಿನದಿಂದ ಜ್ವರ, ಅಂಗಡಿ ಮಾತ್ರೆ ನುಂಗಿಸಿದ್ದರು. ಎತ್ತಿಕೊಂಡರೆ ಚೀರುವುದು, ಕೆಳಗೆ ಬಿಟ್ಟರೆ ಸುಮ್ಮನಾಗುವುದು. ಡಾಕ್ಟರು ನೋಡಿದವರೇ ಬೆನ್ನಿನಿಂದ ನೀರು ತೆಗೆಯಬೇಕು ಅಂದರು. ಅಜ್ಜ ಎದ್ದು ನಿಂತ. "ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗ್ತವೆ." ಈ ಮಾತನ್ನು ಅದೆಷ್ಟು ಸಲ ಕೇಳಿದ್ದೇನೋ. ಬೆನ್ನುಹುರಿ ಮೇಲೆಯೇ ಮುಗಿದಿರುತ್ತದೆ ಕಣೇ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿ ಬಿಚ್ಚಿದ ಜಡೆಯ ತುದಿಯ ಹಾಗೆ ನರದ ಎಳೆಗಳು ನೀರಿನಲ್ಲಿ ತೇಲುತ್ತಿರುತ್ತವೆ, ಸೂಜಿ ಬಂದರೆ ಸರಿದುಕೊಳ್ಳುತ್ತವೆ. ಹನಿ ತಿಳಿಯಾಗಿದೆಯೋ ಅಕ್ಕಚ್ಚಿನ ಹಾಗೆ ಮಬ್ಬಾಗಿದೆಯೋ ನೋಡಿ, ಪರೀಕ್ಷೆಗೆ ಕಳಿಸಿದರೆ ಯಾವ ರೋಗಾಣು, ಯಾವ ಔಷಧಿ ಅಂತ ತಿಳಿಯುತ್ತದೆ. ಇದನ್ನೆಲ್ಲ ಆ ಅಜ್ಜನ ಪಕ್ಕ ಕೂತು ಬಿಡಿಸಿ ಹೇಳಬೇಕಿತ್ತು. ನನಗೆ ಡ್ಯೂಟಿ ಮುಗಿಯುವ ಹೊತ್ತು, ಬಸ್ಸಿನ ಗಡಿಬಿಡಿ. "ನಿಮಗೆ ಹೇಳಿದರೆ ಅರ್ಥ ಆಗಲ್ಲ" ಅಂದುಬಿಟ್ಟೆ. ಅವರು ಮಗುವನ್ನೆತ್ತಿಕೊಂಡು ಹೊರಟೇ ಹೋದರು. ಮರುದಿನ ಸಂಜೆ ಫಿಟ್ಸ್ ಬಂದ ಮೇಲೆ ವಾಪಸ್ ತಂದರು.

ಮಗು ಉಳಿಯಿತು. ಹತ್ತು ದಿನದ ಮೇಲೆ ಆಯಾ ಕೈಯಿಂದ ಸ್ಟೀಲ್ ಟ್ರೇ ಜಾರಿ ನೆಲಕ್ಕೆ ಬಿತ್ತು. ವಾರ್ಡಿನ ಮಕ್ಕಳೆಲ್ಲ ಬೆಚ್ಚಿದವು. ಇವನು ಮಾತ್ರ ಬಿಸ್ಕತ್ತು ತಿನ್ನುತ್ತಲೇ ಕೂತಿದ್ದ, ತಿರುಗಿಯೂ ನೋಡಲಿಲ್ಲ.

ಲಸಿಕೆ ಹಾಕಿಸಿದರೂ ಎಲ್ಲ ಬಗೆಯ ಮೆನಿಂಜೈಟಿಸ್ ತಡೆಯುವುದಿಲ್ಲ, ಅದೂ ಗೊತ್ತಿರಲಿ. ದೊಡ್ಡ ಮಕ್ಕಳಾದರೆ ಜ್ವರ, ತಲೆ ಸಿಡಿತ, ವಾಂತಿಯ ಜೊತೆ ಬೆಳಕು ನೋಡಲಾರೆ ಅನ್ನುತ್ತಾರೆ. ಗದ್ದವನ್ನು ಎದೆಗೆ ತಾಗಿಸು ಅಂದರೆ ಕತ್ತು ಬಗ್ಗುವುದಿಲ್ಲ. ಮೈಮೇಲೆ ಕೆಂಪು-ನೇರಳೆ ಚುಕ್ಕೆ ಎದ್ದರೆ ಗಾಜಿನ ಲೋಟ ಒತ್ತಿ ನೋಡು. ಮಾಯವಾಗದಿದ್ದರೆ ಒಂದು ನಿಮಿಷವೂ ಕೂರಬೇಡ. ನಮ್ಮ ಕಪ್ಪು ಮೈಗೆ ಚುಕ್ಕೆ ಬೇಗ ಕಾಣುವುದಿಲ್ಲ, ಅಂಗೈ, ಅಂಗಾಲು, ಕಣ್ಣರೆಪ್ಪೆಯ ಒಳಗೆ ಹುಡುಕಬೇಕು. ನಿನ್ನ ಕೂಸಿನಷ್ಟು ಎಳೆಯದಕ್ಕೆ ಕತ್ತು ಬಿಗಿಯದೆಯೂ ಇರಬಹುದು. ದಿನಾ ಎಣ್ಣೆ ಹಚ್ಚುವ ನಿನ್ನ ಬೆರಳಿಗೆ ನೆತ್ತಿಯ ಗುರುತು ಚೆನ್ನಾಗಿರುತ್ತದೆ. ಅಳದೆ ಸುಮ್ಮನಿರುವಾಗ, ನೆಟ್ಟಗೆ ಎತ್ತಿಕೊಂಡಾಗಲೂ ಅದು ಉಬ್ಬಿ ಬಿಗಿದಿದ್ದರೆ, ಮೊಲೆಗೆ ಬಾಯಿ ಹಾಕದಿದ್ದರೆ, ಕೈಕಾಲು ಬಟ್ಟೆಯ ಹಾಗೆ ಜೋತುಬಿದ್ದರೆ, ಬೆಳಗಾಗಲಿ ಅನ್ನಬೇಡ, 108ಕ್ಕೆ ಫೋನ್ ಮಾಡು. ಇವೆಲ್ಲವೂ ಕಾಣಿಸಲಿ ಅಂತಲೂ ಕಾಯಬೇಡ. ಈ ಕಾಯಿಲೆ ಕೆಲವೇ ಗಂಟೆಗಳಲ್ಲಿ ಮಗುವನ್ನು ಕೈಗೆ ಸಿಗದ ಹಾಗೆ ಮಾಡಿಬಿಡುತ್ತದೆ.

ಎರಡು ವಾರ ತಡವಾದದ್ದಕ್ಕೆ ಗಾಬರಿ ಬೇಡ, ಈಗ ಶುರುಮಾಡಿದರಾಯಿತು. ಮುಂದಿನ ಡೋಸುಗಳ ತಾರೀಕನ್ನು ಸಿಸ್ಟರ್ ಬರೆದುಕೊಡುತ್ತಾಳೆ. ಒಂದಿನ ಮೈ ಬೆಚ್ಚಗಾಗಬಹುದು, ತೊಡೆ ಊದಬಹುದು, ಅವಳು ಕೊಟ್ಟ ಜ್ವರದ ಔಷಧಿ ಹೇಳಿದಷ್ಟೇ ಹಾಕು.

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ತಾಯಿ ಕಾರ್ಡನ್ನು ಬೀರುವಿನಿಂದ ತೆಗೆದಿಟ್ಟಿರು. ನಿಮ್ಮತ್ತೆಗೆ ನೀನೇನೂ ಹೇಳಲು ಹೋಗಬೇಡ, ಅವರ ಜೊತೆ ಕಾಫಿ ಕುಡಿಯುತ್ತಾ ನಾನು ಕೂತು ಮಾತಾಡುತ್ತೇನೆ. ಒಪ್ಪಿದರೆ ಅವರನ್ನೂ ಕರೆದುಕೊಂಡು ಹೋಗೋಣ, ಕೂಸು ಅವರ ಮಡಿಲಲ್ಲೇ ಇರಲಿ. ವಾಪಸ್ ಬಸ್ಸು ಎಷ್ಟೊತ್ತಿಗಿದೆ ಅಂತ ಮಾತ್ರ ನನ್ನನ್ನು ಕೇಳಬೇಡ.